ಟಪಾಲಿನ ಪರದೆ: ದಿನಚರಿಯ ಕೆಲವು ಪುಟಗಳು

5 ಜನವರಿ 2025, ಭಾನುವಾರ
ಧಾರವಾಡ

ಪತ್ರಿಕೆಯ ಟಪಾಲನ್ನೆಲ್ಲ ಇವತ್ತಿನಿಂದ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲೇ ನೋಡುವುದೆಂದು ಗಟ್ಟಿ ಮಾಡಿದೆ. ಇಲ್ಲಿಯವರೆಗೆ ಬ್ರೌಸರಿನಲ್ಲೇ ಮೇಲ್ ತೆರೆಯುತ್ತಿದ್ದೆ. ಅಲ್ಲಿ ಪರದೆಯ ಮೇಲೆ ಏನು ಎಲ್ಲಿರಬೇಕು ಎಂಬುದು ಸೇವೆ ಕೊಡುವ ಕಂಪನಿಯ ಇಷ್ಟ. ಕಳೆದ ತಿಂಗಳು ಅವರು ಎಲ್ಲವನ್ನೂ ಬದಲಾಯಿಸಿದರು. ಗುಂಡಿಗಳು ಜಾಗ ಬದಲಿಸಿದವು, ಪಟ್ಟಿಯ ನೆತ್ತಿಯ ಮೇಲೆ ಜಾಹೀರಾತು ಬಂದು ಕೂತಿತು. ಅದನ್ನೂ ತಡೆದುಕೊಳ್ಳಬಹುದಿತ್ತು. ಆದರೆ ಮೊದಲ ಸಲ ಕಥೆ ಕಳಿಸಿದವರ, ಹಳ್ಳಿಯ ಕಾಲೇಜಿನಿಂದ ಕವಿತೆ ಕಳಿಸಿದವರ ಪತ್ರಗಳು ಬೇರೊಂದು ವಿಭಾಗಕ್ಕೆ ಸರಿದು ಹೋಗತೊಡಗಿದವು. ಪರಿಚಿತ ಹೆಸರುಗಳು ಮುಂದೆ, ಅಪರಿಚಿತರು ಹಿಂದೆ. ಸಾಹಿತ್ಯ ಪತ್ರಿಕೆಯ ಕೆಲಸ ಇದಕ್ಕೆ ತದ್ವಿರುದ್ಧ. ಹೊಸಬರನ್ನು ಹುಡುಕುವುದೇ ನಮ್ಮ ಕಸುಬು. ಯಾರ ಕಾಗದ ಮೊದಲು ಕಣ್ಣಿಗೆ ಬೀಳಬೇಕು ಎಂದು ಯಂತ್ರ ತೀರ್ಮಾನಿಸಿದರೆ ಸಂಪಾದಕರು ಯಾಕೆ ಬೇಕು?

ನಮಗೆ ಮೂರು ವಿಳಾಸಗಳಿವೆ: ಬರಹಗಳಿಗೆ ಒಂದು, ಚಂದಾದಾರರಿಗೆ ಒಂದು, ಮೂರನೆಯದು ನನ್ನ ಸ್ವಂತದ್ದು. ಮೂರನ್ನೂ ಐಮ್ಯಾಪ್ ವಿಧಾನದಲ್ಲಿ ಸೇರಿಸಿದ್ದೇನೆ. ಮೂಲ ಪತ್ರ ಸರ್ವರಿನಲ್ಲೇ ಇರುತ್ತದೆ, ಅದರ ಒಂದು ಪ್ರತಿ ನಮ್ಮ ಕಂಪ್ಯೂಟರಿಗೂ ಇಳಿಯುತ್ತದೆ. ಕರೆಂಟು ಹೋಗಿ ರೌಟರ್ ಆರಿದರೂ ಲ್ಯಾಪ್‌ಟಾಪಿನಲ್ಲಿ ಓದು ನಿಲ್ಲುವುದಿಲ್ಲ.

ಮೊದಲ ನೋಟಕ್ಕೆ ಪರದೆಯಲ್ಲಿ ಮೂರು ಭಾಗ: ಎಡಕ್ಕೆ ಫೋಲ್ಡರುಗಳು, ನಡುವೆ ಪತ್ರಗಳ ಪಟ್ಟಿ, ಆಮೇಲೆ ಪತ್ರದ ಒಡಲು. ಎಲ್ಲಕ್ಕೂ ಎಡತುದಿಯಲ್ಲಿ ಮೇಲ್, ವಿಳಾಸ ಪುಸ್ತಕ, ಕ್ಯಾಲೆಂಡರ್ ಮೊದಲಾದವುಗಳ ಸಣ್ಣ ಚಿತ್ರಗಳ ಕಂಬ. ಅದರಲ್ಲಿ ನನಗೆ ಬೇಕಾದದ್ದು ಎರಡೇ, ಹಾಗಾಗಿ ಕಂಬವನ್ನು ಮುಚ್ಚಿಟ್ಟೆ. ಮೇಲಿನ ಟೂಲ್‌ಬಾರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಬೇಡದ ಗುಂಡಿಗಳನ್ನು ಎಳೆದು ಹೊರಗಿಟ್ಟೆ. ಇವತ್ತಿಗೆ ಇಷ್ಟು ಸಾಕು. ಬಳಸುತ್ತ ಬಳಸುತ್ತ ಒಂದೊಂದನ್ನೇ ಸರಿಪಡಿಸಬೇಕು.

7 ಜನವರಿ, ಮಂಗಳವಾರ

ವ್ಯೂ ಮೆನುವಿನಲ್ಲಿ ಲೇಔಟ್ ಎಂದಿದೆ. (ಮೆನು ಸಾಲೇ ಕಾಣದಿದ್ದರೆ ಆಲ್ಟ್ ಕೀಲಿ ಒತ್ತಿದರೆ ಬರುತ್ತದೆ.) ಅಲ್ಲಿ ಮೂರು ಬಗೆ. ಕ್ಲಾಸಿಕ್‌ನಲ್ಲಿ ಎಡಗಡೆ ಪೂರ್ತಿ ಎತ್ತರಕ್ಕೆ ಫೋಲ್ಡರುಗಳು, ಬಲಗಡೆ ಮೇಲೆ ಪಟ್ಟಿ, ಅದರ ಕೆಳಗೆ ಪತ್ರ. ವೈಡ್‌ನಲ್ಲಿ ಫೋಲ್ಡರು ಮತ್ತು ಪಟ್ಟಿ ಮೇಲೆ ಅಕ್ಕಪಕ್ಕ, ಪತ್ರ ಕೆಳಗೆ ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ. ವರ್ಟಿಕಲ್‌ನಲ್ಲಿ ಮೂರೂ ಕಂಬಗಳಾಗಿ ನಿಲ್ಲುತ್ತವೆ.

ಹಿಂದಿನ ಕಾಲದ ಮಾನಿಟರುಗಳು ಹೆಚ್ಚುಕಡಿಮೆ ಚೌಕಾಕಾರ, 4:3ರ ಅಳತೆ. ಅವಕ್ಕೆ ಕ್ಲಾಸಿಕ್ ಹೊಂದುತ್ತಿತ್ತು. ಈಗಿನವು 16:9, ಅಗಲ ಧಾರಾಳ, ಎತ್ತರ ಕಡಿಮೆ. ಪಟ್ಟಿಯ ಕೆಳಗೆ ಪತ್ರ ಇಟ್ಟರೆ ಎರಡಕ್ಕೂ ಎತ್ತರ ಸಾಲದು. ನಾಲ್ಕು ಸಾಲು ಓದಿ ಸರಿಸಬೇಕು, ಮತ್ತೆ ನಾಲ್ಕು ಸಾಲು ಓದಿ ಸರಿಸಬೇಕು. ಹೀಗಾಗಿ ವರ್ಟಿಕಲ್ಲೇ ಸರಿ ಎಂದುಕೊಂಡು ಒಂದು ಪ್ರಬಂಧ ತೆರೆದೆ. ಸಾಲು ಚಿಕ್ಕದಾದ್ದರಿಂದ ಕಣ್ಣು ಒಂದು ಸಾಲಿನ ತುದಿಯಿಂದ ಮುಂದಿನ ಸಾಲಿನ ತಲೆಗೆ ತಪ್ಪದೆ ಬರುತ್ತದೆ. ದಣಿವಾಗದೆ ಓದಿ ಮುಗಿಸಿದೆ.

ಆಮೇಲೆ ಒಂದು ಕವಿತೆ ತೆರೆದೆ. ಉದ್ದ ಸಾಲುಗಳ ಕವಿತೆ. ಕಂಬ ಕಿರಿದಾಗಿದ್ದರಿಂದ ಪ್ರತಿ ಸಾಲೂ ಮುರಿದು ಎರಡಾಯಿತು. ಕವಿ ಎಲ್ಲಿ ನಿಲ್ಲಿಸಿದ್ದಾರೆ, ಪರದೆ ಎಲ್ಲಿ ಮುರಿದಿದೆ ಎಂಬುದೇ ತಿಳಿಯಲಿಲ್ಲ. ಸಾಲು ಎಲ್ಲಿ ನಿಲ್ಲುತ್ತದೆ ಎಂಬುದು ಕವಿತೆಯ ಒಂದು ಅಂಗ. ಅದು ಕಾಣದೆ ಹೋದರೆ ನಾವು ಕವಿತೆ ಓದಿದಂತಲ್ಲ, ಅದರ ಮೇಲೆ ತೀರ್ಪು ಕೊಡುವ ಹಕ್ಕಂತೂ ನಮಗಿಲ್ಲ.

ದಾರಿ ಸಿಕ್ಕಿತು. ಪಟ್ಟಿಯಲ್ಲಿ ಪತ್ರದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದು ಬೇರೆ ಟ್ಯಾಬಿನಲ್ಲಿ ಪರದೆ ತುಂಬ ತೆರೆಯುತ್ತದೆ. ಎಫ್8 ಒತ್ತಿದರೆ ಓದುವ ಕಂಬವೇ ಮರೆಯಾಗಿ ಪಟ್ಟಿ ಮಾತ್ರ ಉಳಿಯುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಇನ್ನು ಮೇಲೆ ಗದ್ಯವನ್ನು ಕಂಬದಲ್ಲಿ ಓದುವುದು, ಕವಿತೆಯನ್ನು ಟ್ಯಾಬಿನಲ್ಲಿ ಓದುವುದು. ಇದನ್ನು ಕಚೇರಿಯಲ್ಲಿ ಎಲ್ಲರಿಗೂ ಹೇಳಬೇಕು.

9 ಜನವರಿ, ಗುರುವಾರ

ಇವತ್ತಿನ ಸಂಜೆಯೆಲ್ಲ ಅಕ್ಷರಕ್ಕೇ ಹೋಯಿತು. ಹೋಗಬೇಕಾದದ್ದೇ.

ಪಟ್ಟಿಯಲ್ಲಿ ಹೆಚ್ಚು ಪತ್ರ ಕಾಣಲೆಂದು ಡೆನ್ಸಿಟಿಯನ್ನು ಕಾಂಪ್ಯಾಕ್ಟ್‌ಗೆ ಇಟ್ಟು ನೋಡಿದೆ. ಸಾಲುಗಳು ಒತ್ತೊತ್ತಾಗಿ ಬಂದವು. ಇಂಗ್ಲಿಷ್ ವಿಷಯಗಳೇನೋ ಚೆನ್ನಾಗಿಯೇ ಕಂಡವು. ಕನ್ನಡದ ಸಾಲಿಗೆ ಕಣ್ಣು ಹಾಯಿಸಿದರೆ ಒತ್ತಕ್ಷರಗಳ ಬುಡ ಕತ್ತರಿಸಿದೆ. ‘ರಾಷ್ಟ್ರ’ದಲ್ಲಿ ಷ ಮಾತ್ರ ಪೂರ್ತಿ, ಅದರ ಕೆಳಗಿನ ಟ ಒತ್ತು ಅರ್ಧ. ‘ಕೃತಿ’ಯ ಋ ಸುಳಿ ಮುಂದಿನ ಸಾಲಿನ ಅಂಚಿಗೆ ತಾಗಿ ಮಾಯ. ನಮ್ಮ ಲಿಪಿ ಎರಡು ಕಡೆ ಬೆಳೆಯುತ್ತದೆ. ಗುಡಿಸು, ಏತ್ವಗಳು ಮೇಲಕ್ಕೆ, ಒತ್ತುಗಳು ಕೆಳಕ್ಕೆ. ರೋಮನ್ ಅಕ್ಷರದ ಎತ್ತರಕ್ಕೆ ಅಳೆದು ಕೊಯ್ದ ಸಾಲಿನಲ್ಲಿ ಅದು ಹಿಡಿಸುವುದಿಲ್ಲ.

ಡೆನ್ಸಿಟಿಯ ಮೂರು ಹಂತಗಳು, ಕಾಂಪ್ಯಾಕ್ಟ್, ಡೀಫಾಲ್ಟ್, ರಿಲ್ಯಾಕ್ಸ್ಡ್, ಬಲತುದಿಯ ಮೂರು ಗೀಟಿನ ಮೆನುವಿನಲ್ಲೇ ಇವೆ. ಅದರ ಪಕ್ಕದಲ್ಲೇ ಅಕ್ಷರದ ಗಾತ್ರ ಏರಿಸಿ ಇಳಿಸುವ ಗುರುತುಗಳಿವೆ. ರಿಲ್ಯಾಕ್ಸ್ಡ್ ಇಟ್ಟೆ, ಗಾತ್ರವನ್ನೂ ಏರಿಸಿದೆ. ಪಟ್ಟಿಯಲ್ಲಿ ಒಮ್ಮೆಗೆ ಕಾಣುವ ಪತ್ರಗಳು ಕಡಿಮೆಯಾದವು, ಕಾಣುವವು ಪೂರ್ತಿ ಕಂಡವು. ಸಂಖ್ಯೆಗಿಂತ ಅಕ್ಷರ ದೊಡ್ಡದು.

ಪತ್ರದ ಒಡಲಿನ ಅಕ್ಷರ ಬೇರೆ ಕಡೆ ಸರಿಪಡಿಸಬೇಕು. ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅಲ್ಲಿ ಲ್ಯಾಂಗ್ವೇಜ್ ಆ್ಯಂಡ್ ಅಪಿಯರೆನ್ಸ್, ಅಲ್ಲಿ ಅಡ್ವಾನ್ಸ್ಡ್. ಆ ಚೌಕದ ತಲೆಯಲ್ಲೇ ಯಾವ ಲಿಪಿಗೆ ಎಂದು ಆರಿಸುವ ಪಟ್ಟಿ ಇದೆ. ಅದು ಸಾಮಾನ್ಯವಾಗಿ ಲ್ಯಾಟಿನ್ ಎಂದಿರುತ್ತದೆ. ಲ್ಯಾಟಿನ್ ಎಂದಿರುವಾಗ ಎಷ್ಟು ಗಾತ್ರ ಏರಿಸಿದರೂ ಆ ಅಳತೆ ರೋಮನ್ ಲಿಪಿಗೇ ಸಲ್ಲುತ್ತದೆ. ಪಟ್ಟಿಯನ್ನು ಇಳಿಸಿ ಕನ್ನಡ ಎಂಬುದನ್ನು ಆರಿಸಿಕೊಂಡು ಆಮೇಲೆ ಫಾಂಟು, ಗಾತ್ರ, ಅತಿ ಕಡಿಮೆ ಗಾತ್ರ ಮೂರನ್ನೂ ಕೊಟ್ಟೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ತುಂಗಾ ಫಾಂಟು ಬಂತು, ವಿಂಡೋಸ್ 8ರಿಂದ ನಿರ್ಮಲಾ ಯುಐ ಇದೆ. ದೀರ್ಘ ಓದಿಗೆ ನನಗೆ ಹಿಡಿಸಿದ್ದು ನೋಟೊ ಸೆರಿಫ್ ಕನ್ನಡ, ಗಾತ್ರ 20. ಗೆರೆಯಲ್ಲಿ ದಪ್ಪ ತೆಳು ಇರುವುದರಿಂದ ಮುದ್ರಿತ ಪುಟದ ಹತ್ತಿರ ಬರುತ್ತದೆ. ಬರೀ ಪಠ್ಯವಾಗಿ ಬಂದ ಪತ್ರಕ್ಕೆ ಸಮ ಅಗಲದ ಫಾಂಟು ಬಳಸಬೇಕೆಂಬ ಗುರುತನ್ನು ತೆಗೆದುಹಾಕಿದೆ. ‘ರ’ಕ್ಕೂ ‘ಮೈ’ಗೂ ಒಂದೇ ಅಗಲ ಕೊಡುವುದು ಕನ್ನಡಕ್ಕೆ ಆಗುವ ಮಾತಲ್ಲ.

ಒಂದು ಪತ್ರ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿ ಬೆರಳಚ್ಚಿಸಿ ಹಾಗೇ ಅಂಟಿಸಿ ಕಳಿಸಿದ ಕಥೆ. ಪರದೆಯ ತುಂಬ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಅಲ್ಲಿ ಕಂಪ್ಯೂಟರ್ ಬಲ್ಲ ಕನ್ನಡವೇ ಇಲ್ಲ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿದ್ದು ಆ ಫಾಂಟು. ಫಾಂಟು ಇಲ್ಲದ ಕಡೆ ಆಕಾರ ಹೋಯಿತು. ಇದಕ್ಕೆ ಪರಿವರ್ತಕವೇ ಮದ್ದು. ಪರಿವರ್ತಿಸಿ ಓದಿದೆ. ಸೊಗಸಾದ ಕಥೆ. ಲೇಖಕರಿಗೆ ಯೂನಿಕೋಡಿನಲ್ಲೇ ಕಳಿಸಿ ಎಂದು ವಿನಂತಿಸಿ, ಹೇಗೆಂದು ಬಿಡಿಸಿ ಬರೆದೆ.

12 ಜನವರಿ, ಭಾನುವಾರ

ಪತ್ರಗಳ ಪಟ್ಟಿಯನ್ನು ಎರಡು ರೂಪದಲ್ಲಿ ಕಾಣಬಹುದು. ಒಂದು ಕಾರ್ಡ್ ವ್ಯೂ: ಹೆಸರು ಒಂದು ಸಾಲು, ವಿಷಯ ಅದರ ಕೆಳಗೆ. 2023ರ ಜುಲೈನಲ್ಲಿ ಬಂದ 115ನೇ ಆವೃತ್ತಿ, ಸೂಪರ್‌ನೋವಾ, ಇದನ್ನು ತಂದಿತು. ಇನ್ನೊಂದು ಹಳೆಯ ಟೇಬಲ್ ವ್ಯೂ: ರಿಜಿಸ್ಟರಿನಲ್ಲಿದ್ದಂತೆ ಅಡ್ಡ ಸಾಲು, ಉದ್ದ ಕಾಲಂ. ಪಟ್ಟಿಯ ಮೇಲ್ತುದಿಯ ಗುಂಡಿಯಿಂದ ಅದನ್ನು ಇದನ್ನು ಬದಲಿಸಬಹುದು.

ಸ್ವಂತ ಪತ್ರಗಳಿಗೆ ಕಾರ್ಡು ಚೆಂದ. ಬರಹಗಳ ವಿಳಾಸಕ್ಕೆ ಟೇಬಲ್ಲೇ ಬೇಕು, ಏಕೆಂದರೆ ಅಲ್ಲಿ ಯಾವ ಕಾಲಂ ಇರಬೇಕು ಎಂಬುದನ್ನು ನಾವೇ ಆರಿಸಬಹುದು. ಕಾಲಂ ತಲೆಗಳ ಬಲತುದಿಯಲ್ಲಿ ಸಣ್ಣ ಗುರುತಿದೆ, ಅದನ್ನು ಒತ್ತಿದರೆ ಎಲ್ಲ ಕಾಲಂಗಳ ಹೆಸರು ಇಳಿಯುತ್ತದೆ. ನಕ್ಷತ್ರ, ಜಂಕ್ ಗುರುತು, ಗಾತ್ರ ತೆಗೆದೆ. ಉಳಿಸಿಕೊಂಡದ್ದು ದಿನಾಂಕ, ಲಗತ್ತಿನ ಗುರುತು, ವಿಷಯ, ಕಳಿಸಿದವರು, ಟ್ಯಾಗ್. ಕಾಲಂ ತಲೆಯನ್ನು ಹಿಡಿದೆಳೆದು ದಿನಾಂಕವನ್ನು ಎಲ್ಲಕ್ಕೂ ಮೊದಲು ತಂದಿಟ್ಟೆ. ಕಳಿಸಿದವರ ಹೆಸರನ್ನು ವಿಷಯದ ಆಚೆಗೆ ಸರಿಸಿದೆ. ಬರಹದ ಶೀರ್ಷಿಕೆ ಮೊದಲು ಓದಲಿ, ಬರೆದವರಾರು ಎಂಬುದು ಆಮೇಲೆ.

ಇನ್ನೊಂದು ದೊಡ್ಡ ಬದಲಾವಣೆ. ದಿನಾಂಕದ ತಲೆಯ ಮೇಲೆ ಒತ್ತಿ ಕ್ರಮವನ್ನು ತಿರುಗಿಸಿದೆ. ಈಗ ಹಳೆಯದು ಮೇಲೆ, ಹೊಸದು ಕೆಳಗೆ. ಹೊಸದು ಮೇಲೆ ಬರುವ ಪಟ್ಟಿಯಲ್ಲಿ ಕಾದವರು ಇನ್ನಷ್ಟು ಕೆಳಗೆ ಹೋಗುತ್ತಾರೆ, ನಿನ್ನೆ ಬಂದವರು ಮುಂದೆ ನಿಲ್ಲುತ್ತಾರೆ. ಸರದಿಯಲ್ಲಿ ಮೊದಲು ನಿಂತವರಿಗೆ ಮೊದಲು ಉತ್ತರ ಹೋಗಬೇಕು. ಇದು ನ್ಯಾಯದ ಪ್ರಶ್ನೆ. ಒಂದು ಫೋಲ್ಡರಿನ ಕಾಲಂ ಜೋಡಣೆಯನ್ನು ಬೇರೆ ಫೋಲ್ಡರಿಗೂ ಅದರ ಒಳಗಿನವಕ್ಕೂ ಒಮ್ಮೆಗೇ ಅನ್ವಯಿಸುವ ಸೌಲಭ್ಯ ಅದೇ ಪಟ್ಟಿಯ ಕೊನೆಯಲ್ಲಿದೆ. ‘ಕವಿತೆ’, ‘ಕಥೆ’, ‘ವಿಮರ್ಶೆ’ ಫೋಲ್ಡರುಗಳಿಗೆಲ್ಲ ಹಾಗೆ ಅನ್ವಯಿಸಿದೆ.

14 ಜನವರಿ, ಮಂಗಳವಾರ, ಸಂಕ್ರಾಂತಿ

ಬೆಳಿಗ್ಗೆಯಿಂದ ಶುಭಾಶಯಗಳ ಮಳೆ. ಕುಸುರೆಳ್ಳಿನ ಚಿತ್ರ ಹೊತ್ತ ಪತ್ರಗಳು ಬರಹಗಳ ನಡುವೆ ಸೇರಿಕೊಂಡವು. ಕಂಟ್ರೋಲ್, ಶಿಫ್ಟ್, ಕೆ ಮೂರನ್ನೂ ಒಟ್ಟಿಗೆ ಒತ್ತಿದರೆ ಪಟ್ಟಿಯ ಮೇಲೆ ಕ್ವಿಕ್ ಫಿಲ್ಟರ್ ತೆರೆಯುತ್ತದೆ. ಅಲ್ಲಿ ಕನ್ನಡದಲ್ಲೇ ‘ಸಂಕ್ರಾಂತಿ’ ಎಂದು ಬೆರಳಚ್ಚಿಸಿದೆ, ಶುಭಾಶಯಗಳೆಲ್ಲ ಒಟ್ಟಾಗಿ ಬಂದವು. ಬೇರೆ ಫೋಲ್ಡರಿಗೆ ಸರಿಸಿ, ಸಂಜೆ ಒಬ್ಬೊಬ್ಬರಿಗೂ ಉತ್ತರ ಬರೆದೆ.

ಕಾಯಂ ಫಿಲ್ಟರುಗಳನ್ನೂ ಹಾಕಿದೆ. ವಿಷಯದಲ್ಲಿ ‘ಕಥೆ’ ಇದ್ದರೆ ಕಥೆಗಳ ಫೋಲ್ಡರಿಗೆ. ಆದರೆ ಅರ್ಧದಷ್ಟು ಜನ ‘ಕತೆ’ ಎಂದು ಬರೆಯುತ್ತಾರೆ, ಕೆಲವರು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಫಿಲ್ಟರಿಗೆ ಎಲ್ಲ ರೂಪಗಳನ್ನೂ ಬೇರೆ ಬೇರೆ ಸಾಲಿನಲ್ಲಿ ಕೊಟ್ಟು, ಯಾವುದಾದರೂ ಒಂದು ಹೊಂದಿದರೂ ಸಾಕು ಎಂದು ಗುರುತು ಹಾಕಬೇಕು.

ಹಬ್ಬದ ಬಿಡುವಿನಲ್ಲಿ ಇನ್ನೊಂದು ಕೆಲಸವಾಯಿತು. ವಿಳಾಸ ಪುಸ್ತಕದಲ್ಲಿ ನಮ್ಮ ಲೇಖಕರ ಹೆಸರುಗಳನ್ನು ಕನ್ನಡದಲ್ಲಿ ತುಂಬತೊಡಗಿದೆ. ವಿಳಾಸ ಪುಸ್ತಕದಲ್ಲಿ ಇರುವವರಿಗೆ ಅಲ್ಲಿಯ ಹೆಸರನ್ನೇ ತೋರಿಸು ಎಂಬ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನು ಇಟ್ಟರೆ ಪಟ್ಟಿಯ ಹೆಸರಿನ ಕಾಲಮ್ಮೂ ಕನ್ನಡವಾಗುತ್ತದೆ. ಇನಿಶಿಯಲ್ಲು ಮತ್ತು ಅಂಕಿ ಬೆರೆತ ವಿಳಾಸದ ಜಾಗದಲ್ಲಿ ಮನುಷ್ಯರ ಹೆಸರು, ಅವರು ಪುಸ್ತಕದ ಮೇಲೆ ಹಾಕಿಕೊಳ್ಳುವ ರೂಪದಲ್ಲೇ. ಪಟ್ಟಿ ನಮ್ಮದೆನಿಸಿದ್ದು ಆಗ.

18 ಜನವರಿ, ಶನಿವಾರ

ಟ್ಯಾಗುಗಳ ಕೆಲಸ. ಥಂಡರ್‌ಬರ್ಡ್ ತಾನೇ ಐದು ಟ್ಯಾಗು ಕೊಡುತ್ತದೆ: ಇಂಪಾರ್ಟೆಂಟ್, ವರ್ಕ್, ಪರ್ಸನಲ್, ಟು ಡೂ, ಲೇಟರ್. ಒಂದೊಂದಕ್ಕೂ ಒಂದು ಬಣ್ಣ. ಕೀಲಿಮಣೆಯಲ್ಲಿ 1ರಿಂದ 5 ಒತ್ತಿದರೆ ಆಯಾ ಟ್ಯಾಗು ಬೀಳುತ್ತದೆ, 0 ಒತ್ತಿದರೆ ಎಲ್ಲ ಹೋಗುತ್ತದೆ. ಯಾವುದೋ ಆಫೀಸಿಗೆ ಸಲ್ಲುವ ಹೆಸರುಗಳು ಇವು. ನಮ್ಮ ಕೆಲಸದ ಹಂತಗಳು ಬೇರೆ. ಹೆಸರು ಬದಲಿಸಿದೆ: 1 ಓದಬೇಕು, 2 ಇನ್ನೊಬ್ಬರು ಓದಲಿ, 3 ಆಯ್ಕೆ, 4 ತಿದ್ದುಪಡಿಗೆ ಹೋಗಿದೆ, 5 ವಿಷಾದದ ಪತ್ರ. ಆರನೆಯದನ್ನು ಸೇರಿಸಿದೆ: ಗೌರವಧನ ಬಾಕಿ. ಅದಕ್ಕೆ ಎಲ್ಲಕ್ಕಿಂತ ಕಡು ಬಣ್ಣ. ಬರೆದವರಿಗೆ ಸಲ್ಲಬೇಕಾದ ಹಣ ನಮ್ಮ ಕಣ್ಣಿಂದ ಮರೆಯಾಗಕೂಡದು.

ಕರಡು ತಿದ್ದುವ ಗೆಳೆಯರು ಮಧ್ಯಾಹ್ನ ಬಂದು ಪರದೆ ನೋಡಿದರು. “ನನಗ ಕೆಂಪು ಹಸರು ಎರಡೂ ಒಂದ ಥರಾ ಕಾಣ್ತಾವ್ರಿ. ಯಾವ್ದು ಆಯ್ಕೆ, ಯಾವ್ದು ವಿಷಾದ, ಹೆಂಗ ತಿಳೀಬೇಕು?” ಎಂದರು. ಇಷ್ಟು ವರ್ಷ ಜೊತೆಯಲ್ಲಿ ಕೆಲಸ ಮಾಡಿದರೂ ಈ ಮಾತು ಬಂದಿರಲಿಲ್ಲ. ಇದಕ್ಕಾಗಿಯೇ ಟ್ಯಾಗಿನ ಹೆಸರು ತೋರಿಸುವ ಕಾಲಂ ಇದೆ. ಅದನ್ನು ಅಗಲ ಮಾಡಿ, ಪೂರ್ತಿ ಹೆಸರು ಓದಲು ಬರುವಂತೆ ಇಟ್ಟೆವು. ಆಯ್ಕೆಗೆ ಕಡುನೀಲಿ, ವಿಷಾದಕ್ಕೆ ತಿಳಿ ಕಿತ್ತಳೆ ಕೊಟ್ಟೆವು. ಈ ಎರಡೂ ಅವರಿಗೆ ಸ್ಪಷ್ಟ. ಬಣ್ಣ ಮಾತ್ರ ಅರ್ಥ ಹೇಳುವ ಜೋಡಣೆ ಎಲ್ಲರದಲ್ಲ, ಬಣ್ಣದ ಜೊತೆಗೆ ಅಕ್ಷರವೂ ಇರಬೇಕು. ಪತ್ರಿಕೆಯ ರಕ್ಷಾಪುಟಕ್ಕೂ ಇದನ್ನೇ ಪಾಲಿಸಬೇಕೆಂದು ಮಾತಾಯಿತು.

ಪತ್ರದ ತಲೆಭಾಗವನ್ನೂ ಹದ ಮಾಡಿದೆ. ಅಲ್ಲಿಯ ಮೋರ್ ಗುಂಡಿಯೊಳಗೆ ಕಸ್ಟಮೈಜ್ ಎಂದಿದೆ. ವಿಷಯದ ಸಾಲನ್ನು ದೊಡ್ಡ ಅಕ್ಷರದಲ್ಲಿ ತೋರಿಸುವ ಆಯ್ಕೆ ತೆಗೆದುಕೊಂಡೆ. ಬರಹದ ಶೀರ್ಷಿಕೆ ಈಗ ಶೀರ್ಷಿಕೆಯಾಗಿಯೇ ಕಾಣುತ್ತದೆ.

22 ಜನವರಿ, ಬುಧವಾರ

ಈ ತಂತ್ರಾಂಶಗಳ ಹಿಂದಿನ ಕಥೆ ಇಲ್ಲಿ ಬರೆದಿಡಬೇಕೆನಿಸಿತು. ಸಾಹಿತ್ಯದವರಿಗೆ ಇದರಲ್ಲಿ ಹೆಮ್ಮೆಯ ಒಂದು ಎಳೆ ಇದೆ.

ರೇ ಟಾಮ್ಲಿನ್‌ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳಿಸಿದ್ದು 1971ರಲ್ಲಿ. ಹೆಸರಿಗೂ ಯಂತ್ರಕ್ಕೂ ನಡುವೆ @ ಚಿಹ್ನೆ ಇಟ್ಟವರೂ ಅವರೇ. ಆಗ ಪರದೆಯ ಜೋಡಣೆ ಎಂಬ ಮಾತೇ ಇರಲಿಲ್ಲ, ಪಠ್ಯದ ಸಾಲುಗಳು ಮಾತ್ರ. 1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡೋರ್ನರ್, ಮೌಸ್ ಮತ್ತು ಕಿಟಕಿಗಳಿರುವ ಮ್ಯಾಕಿಂತಾಷ್ ಕಂಪ್ಯೂಟರಿಗೆ ಒಂದು ಮೇಲ್ ತಂತ್ರಾಂಶ ಬರೆದರು. ಅದಕ್ಕೆ ಯೂಡೋರಾ ಎಂದು ಹೆಸರಿಟ್ಟರು. ಅದು ಅಮೆರಿಕದ ಕಥೆಗಾರ್ತಿ ಯೂಡೋರಾ ವೆಲ್ಟಿ ಅವರ ಹೆಸರು. ವೆಲ್ಟಿಯವರ ಒಂದು ಪ್ರಸಿದ್ಧ ಸಣ್ಣಕಥೆಯಲ್ಲಿ ಮನೆಯವರೊಡನೆ ಮುನಿಸಿಕೊಂಡ ಹೆಣ್ಣುಮಗಳು ಅಂಚೆ ಕಚೇರಿಯಲ್ಲೇ ಬಿಡಾರ ಹೂಡುತ್ತಾಳೆ. ಹಗಲಿರುಳು ಪತ್ರಗಳ ನಡುವೆ ಇದ್ದ ಡೋರ್ನರ್‌ಗೆ ಆ ಕಥೆ ನೆನಪಾಗಿತ್ತು. ಲಕ್ಷಗಟ್ಟಲೆ ಜನ ದಿನವೂ ಬಳಸುವ ಸಾಧನಕ್ಕೆ ಒಬ್ಬ ಸಣ್ಣಕಥೆಗಾರ್ತಿಯ ಹೆಸರು! ನಮ್ಮಲ್ಲೂ ಇಂಥದೊಂದು ಆಗಬೇಕು.

ಯೂಡೋರಾ ಮುಂದೆ ಕ್ವಾಲ್‌ಕಾಮ್ ಕಂಪನಿಯ ಕೈಗೆ ಹೋಯಿತು, 2006ರಲ್ಲಿ ಅವರು ಅದರ ಅಭಿವೃದ್ಧಿ ನಿಲ್ಲಿಸಿದರು. ಅದರ ಮುಂದುವರಿಕೆಯನ್ನು ಥಂಡರ್‌ಬರ್ಡ್ ಅಡಿಪಾಯದ ಮೇಲೆ ಕಟ್ಟುವ ಪ್ರಯತ್ನವಾಯಿತು. ಹಳೆಯ ಯೂಡೋರಾದ ಮೂಲ ಸಂಕೇತವನ್ನು 2018ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಎಲ್ಲರಿಗೂ ತೆರೆದಿಟ್ಟಿತು.

ಥಂಡರ್‌ಬರ್ಡ್‌ನ ಬಾಳೂ ಏರುಪೇರಿನದೇ. ಮೊದಲ ಪೂರ್ಣ ಆವೃತ್ತಿ 2004ರ ಡಿಸೆಂಬರ್ 7ರಂದು ಹೊರಬಂತು. 2012ರಲ್ಲಿ ಅದನ್ನು ರೂಪಿಸಿದ ಮೊಜಿಲ್ಲಾ ಸಂಸ್ಥೆ ಅದಕ್ಕೆ ಕೊಡುವ ಆದ್ಯತೆ ಇಳಿಸಿತು. ಸ್ವಯಂಸೇವಕರು ಕೈಬಿಡಲಿಲ್ಲ. 2020ರಿಂದ ಮೊಜಿಲ್ಲಾ ಫೌಂಡೇಶನ್ನಿನ ಅಂಗಸಂಸ್ಥೆಯೊಂದು ಅದನ್ನು ನಡೆಸುತ್ತಿದೆ, ಬಳಸುವವರು ಕೊಡುವ ದೇಣಿಗೆಯೇ ಅದರ ಮುಖ್ಯ ಆದಾಯ. ಚಂದಾದಾರರ ನೆರವಿನಿಂದ ಬದುಕುವ ನಮ್ಮಂಥ ಪತ್ರಿಕೆಗೆ ಈ ದಾರಿ ಚೆನ್ನಾಗಿ ಗೊತ್ತು. ಇವತ್ತು ಪತ್ರಿಕೆಯ ಪರವಾಗಿ ಸಣ್ಣದೊಂದು ದೇಣಿಗೆ ಕಳಿಸಿದೆ.

25 ಜನವರಿ, ಶನಿವಾರ

ಜೋಡಣೆ ಎಲ್ಲಿ ಉಳಿಯುತ್ತದೆ ಎಂದು ತಿಳಿದುಕೊಳ್ಳುವುದೂ ಅಷ್ಟೇ ಮುಖ್ಯ. ಕಂಪ್ಯೂಟರ್ ಬದಲಾದರೆ ಮತ್ತೆ ಮೊದಲಿನಿಂದ ಮಾಡಬಾರದಲ್ಲ.

ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್ ತೆರೆದರೆ ಪ್ರೊಫೈಲ್ ಫೋಲ್ಡರ್ ಎಲ್ಲಿದೆ ಎಂದು ತೋರಿಸುತ್ತದೆ. ಪತ್ರಗಳು, ವಿಳಾಸ ಪುಸ್ತಕ, ಫಿಲ್ಟರು, ಟ್ಯಾಗು, ಆಯ್ಕೆಗಳು ಎಲ್ಲ ಇರುವುದು ಅದರೊಳಗೆ. ಎಕ್ಸ್‌ಯುಎಲ್‌ಸ್ಟೋರ್ ಎಂಬ ಸಣ್ಣ ಫೈಲು ಕಿಟಕಿಯ ಅಳತೆ, ಪಟ್ಟಿಗಳ ಅಗಲದಂಥವನ್ನು ನೆನಪಿಟ್ಟುಕೊಳ್ಳುತ್ತದೆ. ಪರದೆ ಎಂದಾದರೂ ಅಸ್ತವ್ಯಸ್ತವಾಗಿ ಹಿಡಿತಕ್ಕೆ ಸಿಗದಿದ್ದರೆ, ಥಂಡರ್‌ಬರ್ಡ್ ಮುಚ್ಚಿ ಆ ಒಂದು ಫೈಲನ್ನು ಬೇರೆಡೆಗೆ ಸರಿಸಿ ಮತ್ತೆ ತೆರೆದರೆ ಮೊದಲಿನ ಸ್ಥಿತಿಗೆ ಬರುತ್ತದೆ. ಪತ್ರಗಳಿಗೆ ಏನೂ ಆಗುವುದಿಲ್ಲ. ಪ್ರೊಫೈಲ್ ಫೋಲ್ಡರನ್ನು ಪೂರ್ತಿಯಾಗಿ ಹೊರಗಿನ ಡಿಸ್ಕಿಗೆ ಪ್ರತಿ ಮಾಡಿಟ್ಟೆ. ಪ್ರತಿ ಮಾಡುವಾಗ ತಂತ್ರಾಂಶ ಮುಚ್ಚಿರಬೇಕು.

ಇದಕ್ಕೂ ಆಳಕ್ಕೆ ಹೋಗುವವರಿಗೆ ಎರಡು ದಾರಿಗಳಿವೆ. ಸೆಟ್ಟಿಂಗ್ಸ್‌ನ ಜನರಲ್ ಪುಟದ ತಳದಲ್ಲಿ ಕಾನ್ಫಿಗ್ ಎಡಿಟರ್ ಇದೆ, ಮೆನುವಿನಲ್ಲಿ ಕಾಣದ ಆಯ್ಕೆಗಳೂ ಅಲ್ಲಿ ಸಿಗುತ್ತವೆ. ಹೊಸದಾಗಿ ಮಾಡುವ ಫೋಲ್ಡರುಗಳೆಲ್ಲ ಹಳೆಯದು ಮೇಲೆ ಎಂಬ ಕ್ರಮದಲ್ಲೇ ತೆರೆಯಬೇಕೆಂದರೆ ಅಲ್ಲಿ ಡೀಫಾಲ್ಟ್ ಸಾರ್ಟ್ ಆರ್ಡರ್ ಎಂದು ಹುಡುಕಿ ಅದರ ಬೆಲೆಯನ್ನು 1 ಮಾಡಬೇಕು, 2 ಎಂದರೆ ಹೊಸದು ಮೇಲೆ. ಇನ್ನೊಂದು ದಾರಿ ಯೂಸರ್‌ಕ್ರೋಮ್ ಎಂಬ ಸಿಎಸ್ಎಸ್ ಫೈಲು. ಪ್ರೊಫೈಲಿನೊಳಗೆ ಕ್ರೋಮ್ ಎಂಬ ಫೋಲ್ಡರು ಮಾಡಿ ಅದರಲ್ಲಿಟ್ಟು, ಕಾನ್ಫಿಗ್ ಎಡಿಟರಿನಲ್ಲಿ ಅದಕ್ಕೆ ಅನುಮತಿ ಕೊಟ್ಟರೆ ಬಣ್ಣ, ಅಂತರ, ಅಕ್ಷರ ಯಾವುದನ್ನು ಬೇಕಾದರೂ ತಿದ್ದಬಹುದು. ಆದರೆ ಆವೃತ್ತಿ ಬದಲಾದಾಗ ಒಳಗಿನ ಹೆಸರುಗಳು ಬದಲಾಗಿ ಆ ತಿದ್ದುಪಡಿ ಕೆಲಸ ಮಾಡದೆ ಹೋಗಬಹುದು. ಸಿಎಸ್ಎಸ್ ಬಲ್ಲವರಿಗೆ ಇದು ಒಳ್ಳೆಯ ಆಟದ ಮೈದಾನ. ನಮ್ಮ ಕಚೇರಿಗೆ ಮೆನುವಿನಲ್ಲಿ ಸಿಕ್ಕಿದ್ದೇ ಸಾಕಾಯಿತು.

29 ಜನವರಿ, ಬುಧವಾರ

ಮಾಸ್ತರರ ಮನೆಗೆ ಹೋಗಿ ಅವರ ಕಂಪ್ಯೂಟರಿನಲ್ಲೂ ಹೊಂದಿಸಿ ಬಂದೆ. ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಪತ್ರಿಕೆಗೆ ಬರುವ ಕವಿತೆಗಳನ್ನೆಲ್ಲ ಮೊದಲು ಓದುವವರು ಅವರೇ. ಎಡಗಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆಯಾಗಿದೆ, ಬಲಗಣ್ಣಿಗೆ ಇನ್ನೂ ಆಗಬೇಕು. ಇತ್ತೀಚೆಗೆ ಕವಿತೆಗಳನ್ನು ಪ್ರಿಂಟು ಮಾಡಿಸಿ ತರಲು ಹೇಳುತ್ತಿದ್ದರು.

ನನ್ನ ಜೋಡಣೆ ಅವರಿಗೆ ಒಗ್ಗಲಿಲ್ಲ. ಮೂರು ಕಂಬ ಅವರ ಕಣ್ಣಿಗೆ ಗದ್ದಲ. ಅವರ ಜೊತೆ ಕೂತು ಅವರು ಹೇಳಿದಂತೆಯೇ ಮಾಡಿದೆ. ಫೋಲ್ಡರುಗಳ ಪಟ್ಟಿಯಲ್ಲಿ ಎಲ್ಲ ಫೋಲ್ಡರು, ಓದದವು, ಮೆಚ್ಚಿನವು, ಇತ್ತೀಚಿನವು ಎಂದು ಬೇರೆ ಬೇರೆ ನೋಟಗಳಿವೆ. ‘ಕವಿತೆ’ಯನ್ನು ಮೆಚ್ಚಿನದೆಂದು ಗುರುತಿಸಿ, ಮೆಚ್ಚಿನವು ಮಾತ್ರ ಉಳಿಸಿದೆ. ಎಡಗಡೆ ಈಗ ಒಂದೇ ಫೋಲ್ಡರು. ಪಟ್ಟಿ ಕಾರ್ಡ್ ರೂಪದಲ್ಲಿ. ಎಫ್8 ಒತ್ತಿ ಓದುವ ಕಂಬ ತೆಗೆದೆ, ಕವಿತೆ ತೆರೆದರೆ ಪರದೆ ತುಂಬ ಅದೊಂದೇ. ಕನ್ನಡ ಅಕ್ಷರ 28ಕ್ಕೆ ಏರಿತು. ಹಿನ್ನೆಲೆ ಕಪ್ಪು, ಅಕ್ಷರ ಬಿಳಿ ಮಾಡಿ ತೋರಿಸಿದೆ. ಬೇಡ ಎಂದರು, ಕಾಗದದ ಹಾಗೆ ಬಿಳಿಯೇ ಇರಲಿ ಎಂದರು. ಹಾಗೇ ಇಟ್ಟೆ.

ಟ್ಯಾಗುಗಳ ಬಗ್ಗೆ ಒಂದು ವಿಷಯ ಅಲ್ಲಿ ಕಂಡುಬಂತು. ನಾನು ಇಲ್ಲಿ ಹಾಕಿದ ಗುರುತು ಸರ್ವರ್ ಮೂಲಕ ಅವರ ಕಂಪ್ಯೂಟರಿಗೂ ತಲುಪಿತ್ತು, ಆದರೆ ಅಲ್ಲಿ ಹಳೆಯ ಇಂಗ್ಲಿಷ್ ಹೆಸರಿನಲ್ಲೇ ಕಾಣುತ್ತಿತ್ತು. ಗುರುತು ಸರ್ವರಿನದು, ಅದರ ಹೆಸರು ಮತ್ತು ಬಣ್ಣ ಆಯಾ ಕಂಪ್ಯೂಟರಿನದು. ಅವರಲ್ಲೂ ನಮ್ಮ ಕನ್ನಡದ ಹೆಸರುಗಳನ್ನೇ ತುಂಬಿದೆ. ಈಗ ಅವರು 3 ಒತ್ತಿದರೆ ಕಚೇರಿಯಲ್ಲಿ ನಮಗೆ ಆಯ್ಕೆ ಎಂದು ಕಾಣುತ್ತದೆ.

ಕೊನೆಗೆ ಒಂದು ಕವಿತೆಯನ್ನು ಗಟ್ಟಿಯಾಗಿ ಓದಿದರು. ಎಲ್ಲೂ ತಡೆಯಲಿಲ್ಲ. “ಒತ್ತಕ್ಷರ ಎಲ್ಲಾ ಛಲೋ ಕಾಣ್ತಾವ ನೋಡ್ರಿ ಈಗ. ಇನ್ನ ಪ್ರಿಂಟ್ ತರಬ್ಯಾಡ್ರಿ, ಕಾಗದ ಉಳೀತು” ಎಂದರು. ಮಾಸ್ತರರ ಮನೆಯವರು ಚಹಾ ಕೊಟ್ಟು, “ನನಗೂ ಮಗಳ ಪತ್ರ ದೊಡ್ಡ ಅಕ್ಷರದಾಗ ಬರೂಹಂಗ ಮಾಡಿಕೊಡ್ರಿ” ಎಂದರು. ಅವರ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಕನ್ನಡದಲ್ಲೇ ಬರೆಯುತ್ತಾಳೆ. ಆ ವಿಳಾಸವನ್ನೂ ಸೇರಿಸಿಕೊಟ್ಟೆ.

2 ಫೆಬ್ರವರಿ, ಭಾನುವಾರ

ಬರಹಗಳ ಫೋಲ್ಡರಿನಲ್ಲಿ ಡಿಸೆಂಬರಿಗಿಂತ ಹಿಂದಿನದು ಯಾವುದೂ ಈಗ ಬಾಕಿ ಇಲ್ಲ. ಎಲ್ಲರಿಗೂ ಉತ್ತರ ಹೋಗಿದೆ. ಮುಂದಿನ ಸಂಚಿಕೆಗೆ ಆಯ್ಕೆಯಾದ ಕವಿಗಳಲ್ಲಿ ಇಬ್ಬರು ನಮ್ಮಲ್ಲಿ ಮೊದಲ ಸಲ ಪ್ರಕಟವಾಗುತ್ತಿರುವವರು. ಹಿಂದಿನ ಪರದೆಯಲ್ಲಿ ಅವರ ಪತ್ರಗಳು ಆ ಪಕ್ಕದ ವಿಭಾಗದಲ್ಲೇ ಉಳಿದಿರುತ್ತಿದ್ದವು.

ಈ ಕೆಲಸಕ್ಕೆ ಹೋದ ಸಂಜೆಗಳು ಸಾರ್ಥಕ ಎಂದೇ ನನ್ನ ತೀರ್ಮಾನ. ಪರದೆಯ ಮೇಲೆ ಯಾವುದು ಮುಂದೆ, ಯಾವುದು ಹಿಂದೆ, ಯಾವ ಅಕ್ಷರ, ಎಷ್ಟು ದೊಡ್ಡದು ಎಂಬುದು ಅಲಂಕಾರದ ವಿಷಯವಲ್ಲ. ಯಾರ ಮಾತು ನಮ್ಮ ಕಿವಿಗೆ ಬೀಳುತ್ತದೆ ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ. ಆ ನಿರ್ಧಾರ ಓದುವವರ ಕೈಯಲ್ಲೇ ಇರಬೇಕು.

ಮುಂದಿನ ಸಂಚಿಕೆಯ ಸಂಪಾದಕೀಯಕ್ಕೆ ಎರಡು ಮಾತು ಇಲ್ಲೇ ಬರೆದಿಡುತ್ತೇನೆ. ಓದುಗರಿಗೆ: ನೀವು ಬಳಸುವ ಮೇಲ್ ತಂತ್ರಾಂಶ ಯಾವುದೇ ಇರಲಿ, ಅದರಲ್ಲಿ ಕನ್ನಡದ ಫಾಂಟು, ಗಾತ್ರ, ಸಾಲಿನ ಅಂತರಗಳನ್ನು ಒಂದು ಸಂಜೆ ಕೂತು ಹೊಂದಿಸಿಕೊಳ್ಳಿ. ಮನೆಯ ಹಿರಿಯರ ಕಂಪ್ಯೂಟರಿನಲ್ಲೂ, ಅವರನ್ನು ಕೇಳಿ, ಅವರಿಗೆ ಬೇಕಾದಂತೆ ಮಾಡಿಕೊಡಿ. ತಂತ್ರಾಂಶ ಮಾಡುವ ನಮ್ಮ ಹುಡುಗ ಹುಡುಗಿಯರಿಗೆ: ಪಟ್ಟಿಯ ಸಾಲಿನ ಎತ್ತರ ಗೊತ್ತುಮಾಡುವ ಮುನ್ನ ಅದರಲ್ಲಿ ‘ರಾಷ್ಟ್ರ’, ‘ಕೃತಿ’, ‘ಸ್ತ್ರೀ’ ಎಂದು ಒಮ್ಮೆ ಬೆರಳಚ್ಚಿಸಿ ನೋಡಿ. ಮೂರೂ ಪೂರ್ತಿ ಕಂಡರೆ ನಿಮ್ಮ ಕೆಲಸ ಕನ್ನಡಕ್ಕೆ ಸಲ್ಲುತ್ತದೆ.